ಏಕಾಂತಯ್ಯನವರ ಎತ್ತಿದ ಕೈ

ಸುಮನಾ: ನೂರಕ್ಕೆ ಯಾಕ್ರೀ ಎಳೆದ್ರಿ? ನಲವತ್ತಕ್ಕೆ ನಿಲ್ಲಿಸಿ ಅಂತ ನಿನ್ನೆಯಿಂದ ಬಡ್ಕೋತಿದೀನಿ.

ಉದಯಕುಮಾರ್: ನೂರರವರೆಗೂ ಕೊಟ್ಟಿರೋದು ಯಾಕೆ ಮತ್ತೆ? ಎಳೀಲಿ ಅಂತಾನೇ.

ಸುಮನಾ: ಬೈಕಿನ ಮೀಟರಲ್ಲಿ ನೂರಾ ನಲವತ್ತರವರೆಗೂ ಬರೆದಿದೆ. ನಿಟ್ಟೂರು ರಸ್ತೇಲಿ ಅಷ್ಟು ಓಡಿಸ್ತೀರಾ?

ಉದಯಕುಮಾರ್: ಬೈಕಿನ ಮಾತು ಬಿಡು. ಫೋಟೊ ನೋಡು, ಎಷ್ಟು ಕ್ಲೀನಾಗಿದೆ! ಒಂದೇ ಒಂದು ಚುಕ್ಕೆ ಇಲ್ಲ.

ಸುಮನಾ: ಹುಡುಗಿಗೆ ಮೂಗೂ ಇಲ್ಲ.

ಗುಬ್ಬಿಯ ಬಸ್ ನಿಲ್ದಾಣದ ಹಿಂದಿನ ಬೀದಿಯ ಈ ಸ್ಟುಡಿಯೊದಲ್ಲಿ ಫೋಟೊ ತೆಗೆಯುವವರು ಉದಯಕುಮಾರ್. ತೆಗೆದದ್ದನ್ನು ಕಂಪ್ಯೂಟರಿನಲ್ಲಿ ತಿದ್ದುವವರು ಅವರ ಹೆಂಡತಿ ಸುಮನಾ. ಹದಿನೈದು ದಿನದ ಹಿಂದೆ ಕುಣಿಗಲ್‌ನ ಒಂದು ಛತ್ರದಲ್ಲಿ ಬೆಳಗಿನ ಜಾವ ಐದೂವರೆಗೆ ಮುಹೂರ್ತವಿತ್ತು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಜನರೇಟರ್ ಕೆಮ್ಮಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಉದಯಕುಮಾರ್ ಎರಡು ದೀಪದ ಕಂಬಗಳ ಬೆಳಕನ್ನೇ ನಂಬಿ, ಕ್ಯಾಮೆರಾ ಎಷ್ಟು ಬೆಳಕು ಹೀರಬೇಕೆಂಬ ಅಳತೆಯಾದ ಐಎಸ್ಓ ಅನ್ನು ಕೊನೆಯವರೆಗೆ ಏರಿಸಿ ಆರು ಫೋಟೊ ತೆಗೆದರು. ಆರರಲ್ಲೂ ಮನುಷ್ಯರಿದ್ದಾರೆ, ಮನುಷ್ಯರ ಮೇಲೆಲ್ಲ ರವೆ ಚೆಲ್ಲಿದಂತೆ ಚುಕ್ಕೆಗಳಿವೆ. ಕತ್ತಲಲ್ಲಿ ತೆಗೆದ ಫೋಟೊಗಳಿಗೆ ಬರುವ ಈ ರೋಗಕ್ಕೆ ಕಸುಬಿನವರು ನಾಯ್ಸ್ ಎನ್ನುತ್ತಾರೆ.

ಅದನ್ನು ತೆಗೆಯಲು ಗಂಡ ಹೆಂಡತಿ ಮೂರು ಸಾಫ್ಟ್‌ವೇರ್‌ಗಳನ್ನು ಏಳು ದಿನದ ಉಚಿತ ಟ್ರಯಲ್‌ಗೆ ಇಳಿಸಿಕೊಂಡಿದ್ದರು. ಹೆಸರುಗಳು ಬಾಯಲ್ಲಿ ಹೊರಳದ ಕಾರಣ ಒಂದು, ಎರಡು, ಮೂರು ಎಂದು ಕರೆಯುತ್ತಿದ್ದರು. ಚುಕ್ಕೆಗಳನ್ನು ಎಷ್ಟು ಒರೆಸಬೇಕೆಂದು ಹೇಳಲು ಸೊನ್ನೆಯಿಂದ ನೂರರವರೆಗೆ ಎಳೆಯುವ ಗುಂಡಿಯೊಂದು ಅವುಗಳಲ್ಲಿತ್ತು. ಉದಯಕುಮಾರ್ ಒಂದರ ಪಕ್ಷ, ಸುಮನಾ ಎರಡರ ಪಕ್ಷ. ಇವತ್ತು ಏಳನೆಯ ದಿನ.

ಉದಯಕುಮಾರ್: ಅವತ್ತು ಫ್ಲ್ಯಾಶ್ ಕೆಲಸ ಮಾಡಿದ್ದಿದ್ರೆ ಈ ಒಂದು, ಎರಡು, ಮೂರು ಯಾವ್ದೂ ಬೇಕಿರ್ಲಿಲ್ಲ. ಫ್ಲ್ಯಾಶ್ ಒಳಗಿದ್ದ ನಾಲ್ಕು ಸೆಲ್ ಎಲ್ಲೋದ್ವು ಹೇಳು?

ಸುಮನಾ: ನಿಮ್ಮಮ್ಮನ ಬಿಪಿ ಮಷೀನಿಗೆ ಹೋದ್ವು.

ಉದಯಕುಮಾರ್: ಹಾಕಿದ್ಯಾರು?

ಸುಮನಾ: ನಾನೇ. ಅತ್ತೆಗೆ ತಲೆ ಸುತ್ತುತ್ತಿತ್ತು. ಫ್ಲ್ಯಾಶ್ ಹೊಡೆದು ಬಿಪಿ ನೋಡೋಕಾಗುತ್ತಾ?

ಉದಯಕುಮಾರ್: ನಂಗೊಂದು ಮಾತು ಹೇಳಬಹುದಿತ್ತಲ್ಲ.

ಸುಮನಾ: ಹೇಳಿದೆ. ‘ಹೂಂ’ ಅಂದ್ರಿ. ನಿಮ್ಮ ‘ಹೂಂ’ ಅಂದ್ರೆ ಕೇಳಿಸ್ಲಿಲ್ಲ ಅಂತ ಅರ್ಥ ಅನ್ನೋದು ನಂಗೆ ಮದುವೆಯಾಗಿ ಒಂಬತ್ತು ವರ್ಷ ಆದ್ಮೇಲೂ ಮರೆತುಹೋಗುತ್ತೆ.

ಈ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವರು ನಿಟ್ಟೂರಿನ ಬಸವಲಿಂಗಮ್ಮ. ಆ ಮದುವೆಯ ಹುಡುಗಿ ಮಾಲಿನಿಯ ತಾಯಿ.

ಬಸವಲಿಂಗಮ್ಮ: ಆಯ್ತೇನಪ್ಪ ನಮ್ ಫೋಟ? ಸೋಮವಾರ ಬೀಗ್ರು ಬತ್ತಾರೆ. ಅಷ್ಟೊತ್ಗೆ ಆಲ್ಬಮ್ ಮನೇಲಿರ್ಬೇಕು.

ಉದಯಕುಮಾರ್: ಬನ್ನಿ ಅಮ್ಮ, ಕೂತ್ಕೊಳ್ಳಿ. ಮಾಂಗಲ್ಯದ ಫೋಟೊನೇ ನೋಡ್ತಿದೀವಿ. ಒಗೆದು ಇಸ್ತ್ರಿ ಹಾಕಿದಂಗಾಗಿದೆ, ನೋಡಿ.

ಬಸವಲಿಂಗಮ್ಮ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು. ನೋಡಿದರು. ಕನ್ನಡಕ ತೆಗೆದು ಮತ್ತೊಮ್ಮೆ ಒರೆಸಿದರು.

ಬಸವಲಿಂಗಮ್ಮ: ಇದ್ಯಾರ ಮದ್ವೆ?

ಉದಯಕುಮಾರ್: ನಿಮ್ಮ ಮಗಳದೇ ಅಮ್ಮ!

ಬಸವಲಿಂಗಮ್ಮ: ಎಲ್ಲಾರ್ಗೂ ಮೇಣ ಬಳ್ದಂಗೈತೆ. ನಮ್ ಯಜಮಾನ್ರ ಹಣೆ ಮೇಲಿನ ಈಬೂತಿ ಎಲ್ಲಪ್ಪ? ಈಬೂತಿ ಇಲ್ದಿರೋ ಆ ಹಣೆಯ ನಾನೇ ನೋಡಿಲ್ಲ, ನೀನು ಹೆಂಗ್ ನೋಡ್ದೆ?

ಸುಮನಾ: ಅದನ್ನೂ ನಾಯ್ಸ್ ಅಂದ್ಕೊಂಡು ಒರೆಸಿಬಿಟ್ಟಿದೆ ಅಮ್ಮ. ಇವರು ನೂರಕ್ಕೆ ಎಳೆದಿದಾರೆ.

ಬಸವಲಿಂಗಮ್ಮ: ಈಬೂತಿ ಒರ್ಸೋ ಮಷೀನ ಅಂಗ್ಡೀಲಿ ಇಟ್ಕಂಡಿದೀರಾ? ಮಠದೋರ ಮದ್ವೆ ಒಪ್ಕೊಳ್ಬ್ಯಾಡಿ ಮತ್ತೆ.

ಆಮೇಲೆ ಅವರ ಬೆರಳು ಪರದೆಯ ಬಲಮೂಲೆಗೆ ಹೋಗಿ ನಿಂತಿತು. ಅಲ್ಲಿ ಮದುಮಗ ತಲೆ ಬಗ್ಗಿಸಿ ತಾಳಿಯ ಗಂಟು ಹಾಕುತ್ತಿದ್ದಾನೆ. ಅವನ ಹಿಂದೆಯೇ ಬಿಳಿ ಶರ್ಟಿನ, ದಪ್ಪ ಮೀಸೆಯ ಹಿರಿಯರೊಬ್ಬರು ಬಲಗೈಯನ್ನು ತಲೆಗಿಂತ ಮೇಲೆತ್ತಿ, ತುಟಿ ಬಿಗಿದು ನಿಂತಿದ್ದಾರೆ.

ಬಸವಲಿಂಗಮ್ಮ: ಅಯ್ಯೋ ಶಿವ್ನೇ! ನಮ್ಮಣ್ಣ ಯಾಕೆ ಅಳೀಮಯ್ಯನ್ನ ಹೊಡಿಯಕ್ ಬಂದವ್ನೆ?

ಉದಯಕುಮಾರ್: ಹೊಡೀತಿಲ್ಲ ಅಮ್ಮ. ಅಕ್ಷತೆ ಹಾಕ್ತಿದಾರೆ.

ಬಸವಲಿಂಗಮ್ಮ: ಅಕ್ಷತೆ ಎಲ್ಲೈತೆ?

ಉದಯಕುಮಾರ್: ಅದು... ಹೋಗಿದೆ.

ಬಸವಲಿಂಗಮ್ಮ: ಎಲ್ಲಿಗೆ?

ಸುಮನಾ: ವಿಭೂತಿ ಹೋದ ಕಡೆಗೇ. ಗಾಳೀಲಿ ಹಾರೋ ಅಕ್ಕಿ ಕಾಳು, ಕತ್ತಲ ಚುಕ್ಕೆ, ಎರಡೂ ಒಂದೇ ಇದಕ್ಕೆ.

ಬಸವಲಿಂಗಮ್ಮ ಸ್ಟೂಲಿನ ಮೇಲೆ ಕೂತರು. ನೀರು ಕೊಟ್ಟರೆ ಕುಡಿಯಲಿಲ್ಲ, ಲೋಟವನ್ನು ಹಿಡಿದುಕೊಂಡೇ ಮಾತಾಡಿದರು.

ಬಸವಲಿಂಗಮ್ಮ: ಕೇಳವ್ವ. ಹನ್ನೊಂದು ವರ್ಷ ನಮ್ಮಣ್ಣ ಏಕಾಂತಯ್ಯ ನಮ್ಮನೆ ಹೊಸ್ಲು ತುಳಿದಿಲ್ಲ. ಹೊಲದ ಬದಿನ ಮೇಲಿರೋ ಮೂರು ತೆಂಗಿನ ಮರ ಯಾರ್ದು ಅನ್ನೋ ಮಾತಿಗೆ. ಲಗ್ನಪತ್ರಿಕೆನೂ ಅಂಚೇಲಿ ಕಳಿಸ್ದೆ, ಕೈಲಿ ಕೊಡಕ್ಕೆ ಧೈರ್ಯ ಬರ್ನಿಲ್ಲ. ಆದ್ರೂ ತಾಳಿ ಕಟ್ಟೋ ಹೊತ್ಗೆ ಅಮೃತೂರಿಂದ ಬಂದು ನಿಂತವ್ನೆ! ಊಟಕ್ಕೂ ಕೂರ್ದಂಗೆ ಹೋದ. ಈಗ ನಮ್ ಬೀಗಿತ್ತಿ, ‘ಸೋದರಮಾವನ ಅಕ್ಷತೆ ಬೀಳದ ಮದ್ವೆ ಇದು, ಏಳಿಗೆ ಆಗಾದುಂಟಾ’ ಅಂತ ನಮ್ ಮಾಲಿನಿನ ದಿನಾ ಚುಚ್ತಾಳೆ. ಬಿದ್ದೈತೆ ನೋಡು ಅಂತ ತೋರ್ಸಕ್ಕೆ ನಂಗಿರೋದು ಇದೊಂದೇ ಫೋಟ.

ಸುಮನಾ: ಇದನ್ನ ತೋರಿಸಿದ್ರೆ ಸೋದರಮಾವನ ಏಟು ಬಿತ್ತು ಅಂತಾರೆ.

ಉದಯಕುಮಾರ್: ಹೆದರಿಸ್ಬೇಡ ಕಣೇ. ಅಮ್ಮ, ಮೂರನೇದೊಂದಿದೆ. ಎಐ ಅಂತಾರಲ್ಲ, ಅದು. ಇದು ಒರೆಸೋಕೆ ಹೋಗಲ್ಲ. ಆ ಜಾಗದಲ್ಲಿ ಏನಿದ್ದಿರಬಹುದು ಅಂತ ತಾನೇ ಯೋಚನೆ ಮಾಡಿ ತುಂಬುತ್ತೆ.

ಬಸವಲಿಂಗಮ್ಮ: ಮದ್ವೆಗೆ ಬಂದಿತ್ತಾ ಅದು?

ಉದಯಕುಮಾರ್: ಅದೆಲ್ಲಿ ಬರುತ್ತೆ ಅಮ್ಮ?

ಬಸವಲಿಂಗಮ್ಮ: ಬರ್ದಿದ್ಮೇಲೆ ಅದ್ಕೆ ಹೆಂಗ್ ಗೊತ್ತಾಯ್ತದೆ?

ಪರದೆಯ ಮೇಲೆ ಚಕ್ರವೊಂದು ಮೂರು ನಿಮಿಷ ತಿರುಗಿತು. ಕಂಪ್ಯೂಟರಿನ ಫ್ಯಾನು ಗಿರಣಿಯಂತೆ ಸದ್ದು ಮಾಡಿತು. ಫೋಟೊ ಬಂತು.

ಬಸವಲಿಂಗಮ್ಮ: ಅಣ್ಣನ ಕೈಗೆ ಬಂತು! ಏನೋ ಬಂತು! ಏನವ್ವ ಅದು?

ಸುಮನಾ: ಮೈಕು.

ಬಸವಲಿಂಗಮ್ಮ: ಮೈಕಾ?

ಉದಯಕುಮಾರ್: ಜನದ ಮಧ್ಯೆ ಕೈ ಎತ್ತಿ ನಿಂತಿದಾರಲ್ಲ, ಭಾಷಣ ಮಾಡ್ತಿರಬೇಕು ಅಂದ್ಕೊಂಡಿದೆ.

ಬಸವಲಿಂಗಮ್ಮ: ಪಂಚಾಯ್ತಿ ಎಲೆಕ್ಷನ್ನಿಗೆ ಎರಡು ಸಲ ನಿಂತು ಸೋತವ್ನೆ ಕಣಪ್ಪ. ಇದನ್ನ ನೋಡಿದ್ರೆ ಆಡ್ಕಂಡ್ರು ಅಂತ ಇನ್ನೊಂದ್ ಹನ್ನೊಂದು ವರ್ಷ ಬರಕಿಲ್ಲ. ಅದಿರ್ಲಿ, ಪಕ್ಕದಲ್ಲಿ ಹಲ್ ಕಿರ್ಕಂಡು ನಿಂತವ್ಳಲ್ಲ, ಇವ್ಳ್ಯಾರು?

ಸುಮನಾ: ಹಸಿರು ಸೀರೆ... ನಿಮ್ಮ ಪಕ್ಕದ ಮನೆ ರಂಗಲಕ್ಷ್ಮಮ್ಮ ಅಜ್ಜಿ ಅಲ್ವಾ?

ಬಸವಲಿಂಗಮ್ಮ: ರಂಗಲಕ್ಷ್ಮಮ್ಮಂಗೆ ಒಂದು ಹಲ್ಲೂ ಇಲ್ಲ!

ಉದಯಕುಮಾರ್: ಈಗ ಬಂದಿದೆ. ಮೇಲಿನ ಸಾಲು ಪೂರ್ತಿ.

ಬಸವಲಿಂಗಮ್ಮ: ಆವಮ್ಮ ಇದನ್ನ ನೋಡ್ತು ಅಂದ್ರೆ ನಾಳೆಯಿಂದ ಚಕ್ಲಿ ಕೇಳ್ತದೆ. ತೆಗಿ ತೆಗಿ.

ಸುಮನಾ ಗಂಡನ ಕೈಯಿಂದ ಮೌಸ್ ತೆಗೆದುಕೊಂಡು ಎರಡನೆಯದನ್ನು ತೆರೆದರು. ಬಣ್ಣವಿಲ್ಲದ, ಸರ್ಕಾರಿ ಅರ್ಜಿಯಂಥ ಕಿಟಕಿ. ಅಳತೆಯ ಗುಂಡಿಯನ್ನು ನಲವತ್ತಕ್ಕೆ ಎಳೆದು ಅಲ್ಲೇ ಬಿಟ್ಟರು.

ಫೋಟೊ ಸ್ವಲ್ಪ ತಿಳಿಯಾಯಿತು, ಅಷ್ಟೆ. ಮಾಲಿನಿಗೆ ಮೂಗು ಬಂತು. ಯಜಮಾನರ ಹಣೆಗೆ ವಿಭೂತಿ ಬಂತು. ರಂಗಲಕ್ಷ್ಮಮ್ಮನ ಬಾಯಿ ಬೊಚ್ಚಾಯಿತು. ಮಂಟಪದ ಮೇಲೆ, ಬಾಳೆಕಂದುಗಳ ನಡುವೆ, ಅಕ್ಷತೆಯ ಕಾಳುಗಳು ಗಾಳಿಯಲ್ಲಿ ನಿಂತಿದ್ದವು.

ಬಸವಲಿಂಗಮ್ಮ: ಇದು ಕಣವ್ವ! ಇದು ನಮ್ ಮದ್ವೆ! ಎಲ್ಲಿ, ಅಣ್ಣನ ಕೈ ತೋರ್ಸು.

ಸುಮನಾ ಆ ಮೂಲೆಯನ್ನು ದೊಡ್ಡದು ಮಾಡಿದರು. ಪಕ್ಕದವರ ಕೈಯಿಂದ ಕಾಳು ಹಾರುತ್ತಿತ್ತು. ಅವರ ಪಕ್ಕದವರ ಕೈಯಿಂದಲೂ. ಏಕಾಂತಯ್ಯನವರ ಬೆರಳುಗಳ ಸುತ್ತ ಏನೂ ಇರಲಿಲ್ಲ.

ಉದಯಕುಮಾರ್: ನಲವತ್ತು ಜಾಸ್ತಿಯಾಯ್ತು. ಮೂವತ್ತಕ್ಕಿಳಿಸು.

ಸುಮನಾ: ನೂರು ಕಮ್ಮಿ ಅಂತಿದ್ದೋರು ನೀವೇನಾ?

ಉದಯಕುಮಾರ್: ಇಳಿಸೇ! ಇಪ್ಪತ್ತು... ಹತ್ತು...

ಬಸವಲಿಂಗಮ್ಮ: ಬಂತು ಬಂತು! ಕೈ ಸುತ್ತ ಬಂತು ಅಕ್ಷತೆ!

ಸುಮನಾ: ಅಮ್ಮ, ಅದು ನಾಯ್ಸ್ ವಾಪಸ್ ಬಂದಿರೋದು. ನೋಡಿ, ಗೋಡೆ ಮೇಲೂ ಬಂತು.

ಬಸವಲಿಂಗಮ್ಮ: ಗೋಡೆಗೂ ಬಿದ್ದಿರ್ತದೆ.

ಸುಮನಾ: ಫ್ಯಾನಿನ ಮೇಲೆ?

ಬಸವಲಿಂಗಮ್ಮ: ನಮ್ಮೋರು ಜೋರಾಗಿ ಎಸಿತಾರೆ.

ಸುಮನಾ: ಬಾಗಿಲ ಆಚೆ ನಿಂತಿರೋ ಕಾರಿನ ಮೇಲೆ?

ಸುಮನಾ ಗುಂಡಿಯನ್ನು ಮತ್ತೆ ನಲವತ್ತಕ್ಕೆ ತಂದರು. ಕಾರು, ಫ್ಯಾನು, ಗೋಡೆ ಚೊಕ್ಕಟವಾದವು. ಕೈ ಮತ್ತೆ ಖಾಲಿಯಾಯಿತು.

ಉದಯಕುಮಾರ್: ಅವರನ್ನೇ ಕೇಳಿಬಿಟ್ರೆ? ಅಕ್ಷತೆ ಇತ್ತು ಅಂದ್ರೆ, ಸಾಫ್ಟ್‌ವೇರ್ ನುಂಗಿದೆ ಅಂತ ಗೊತ್ತಾಗುತ್ತೆ. ಬೇರೆಯವರ ಕೈಯಿಂದ ನಾಲ್ಕು ಕಾಳು ತಂದು ಅಂಟಿಸ್ತೀನಿ.

ಬಸವಲಿಂಗಮ್ಮ: ಹನ್ನೊಂದು ವರ್ಷ ಆದ್ಮೇಲೆ ಫೋನ್ ಮಾಡಿ, ‘ಅಣ್ಣಾ, ನಿನ್ ಕೈಲಿ ಅಕ್ಷತೆ ಇತ್ತಾ’ ಅಂತ ಕೇಳ್ಲಾ? ನನ್ ಕೈಲಾಗಕಿಲ್ಲ. ಅವ್ನ ನಂಬರ್ ಯಾರಿಗ್ ಗೊತ್ತು?

ಸುಮನಾ: ನಾನೇ ಕೇಳ್ತೀನಿ. ನೀವು ಸುಮ್ನೆ ಕೂತಿರಿ. ನಂಬರ್ ಯಾರನ್ನಾದ್ರೂ ವಿಚಾರಿಸೋಣ.

ಬಸವಲಿಂಗಮ್ಮ ಗೋಡೆಯ ಕಡೆ ತಿರುಗಿ ಹತ್ತು ಅಂಕಿಗಳನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಸುಮನಾ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು.

ಏಕಾಂತಯ್ಯ: ಹಲೋ, ಯಾರು?

ಸುಮನಾ: ನಮಸ್ಕಾರ ಸಾರ್, ಗುಬ್ಬಿಯಿಂದ, ಮಾಲಿನಿ ಮದುವೆ ಫೋಟೊ ತೆಗೆದ ಸ್ಟುಡಿಯೊದೋರು. ಒಂದರಲ್ಲಿ ನೀವು ಕೈ ಎತ್ತಿ ಅಕ್ಷತೆ ಹಾಕ್ತಿದೀರಿ. ಅಕ್ಷತೆ ಕಾಣ್ತಿಲ್ಲ. ನಮ್ಮ ಸಾಫ್ಟ್‌ವೇರ್ ಅಳಿಸಿತೇನೋ ಅಂತ ಅನುಮಾನ.

ಏಕಾಂತಯ್ಯ: ಏನೂ ಅಳ್ಸಿಲ್ಲ ಬುಡವ್ವ. ಬರೀ ಕೈ ಅದು.

ಸುಮನಾ: ಬರೀ ಕೈನಾ?

ಏಕಾಂತಯ್ಯ: ತಟ್ಟೆ ನನ್ ತಾವ್ಕೆ ಬರ್ನೇ ಇಲ್ಲ. ಕೇಳಿ ಈಸ್ಕಳಕ್ಕೆ ಮನಸಾಗ್ನಿಲ್ಲ. ಎಲ್ಲಾ ಕೈ ಎತ್ತುದ್ರು, ನಾನೂ ಎತ್ತುದೆ. ಸುಮ್ಕೆ ನಿಂತಿದ್ರೆ, ‘ಸೋದರಮಾವ ಮುನುಸ್ಕಂಡವ್ನೆ’ ಅಂತ ಬೀಗ್ರು ನಮ್ ತಂಗಿನ ಆಡ್ಕಳಾಕಿಲ್ವಾ? ಕತ್ತಲಲ್ಲಿ ಕೈಯೊಳಗೆ ಏನೈತೆ ಅಂತ ಯಾರ್ ನೋಡ್ತಾರೆ. ನಮ್ ತಂಗಿಗೆ ಮಾತ್ರ ಹೇಳ್ಬ್ಯಾಡಿ. ಬೇಜಾರ್ ಮಾಡ್ಕತಾಳೆ.

ಬಸವಲಿಂಗಮ್ಮ: ಮಾಡ್ಕಂಡಾಯ್ತು.

ಆ ಕಡೆ ಅಮೃತೂರಿನಲ್ಲಿ ಯಾವುದೋ ಬಸ್ಸು ಹಾರನ್ ಹೊಡೆದು, ಹೊರಟು, ದೂರವಾಯಿತು.

ಏಕಾಂತಯ್ಯ: ಲಿಂಗವ್ವಾ?

ಬಸವಲಿಂಗಮ್ಮ: ತಟ್ಟೆ ಹಿಡ್ಕಂಡಿದ್ದೋಳು ನಾನೇ ಕಣಣ್ಣ. ಕರೆಂಟಿರ್ನಿಲ್ಲ. ನೀನು ಕಾಣ್ನಿಲ್ಲ.

ಏಕಾಂತಯ್ಯ: ಹನ್ನೊಂದು ವರ್ಷದಿಂದ್ಲೂ ಕರೆಂಟಿರ್ನಿಲ್ವಾ?

ಬಸವಲಿಂಗಮ್ಮ: ನಿಮ್ಮನೇಲಿತ್ತಾ?

ಏಕಾಂತಯ್ಯ: ...ನಮ್ಮನೇಲೂ ಇರ್ನಿಲ್ಲ ಬುಡು.

ಬಸವಲಿಂಗಮ್ಮ: ಸೋಮವಾರ ಹುಡ್ಗ ಹುಡುಗಿ, ಬೀಗ್ರು ಎಲ್ಲಾ ಬತ್ತಾರೆ. ಬಂದ್ಬುಡು. ಎಲ್ಲಾರ್ಗಿಂತ ಮುಂಚೆ ತಟ್ಟೆ ನಿನ್ ಮುಂದೆ ಹಿಡಿತೀನಿ.

ಏಕಾಂತಯ್ಯ: ಬತ್ತೀನಿ. ಒಬ್ಬಟ್ಟಿಗೆ ಕಾಯಿ ಕೊಂಡ್ಕಬ್ಯಾಡ. ಆ ಮೂರು ಮರದ್ದು ನಾನೇ ತತ್ತೀನಿ.

ಬಸವಲಿಂಗಮ್ಮ: ಯಾರ ಮೂರು ಮರ?

ಸುಮನಾ ಕೈ ಚಾಚಿ ಫೋನ್ ಕಟ್ ಮಾಡಿದರು.

ಸುಮನಾ: ಸಿಗ್ನಲ್ ಹೋಯ್ತು ಅಮ್ಮ. ಅಮೃತೂರು ಕಡೆ ಹಂಗೇ.

ಬಸವಲಿಂಗಮ್ಮ ಆಗ ಲೋಟದ ನೀರನ್ನು ಪೂರ್ತಿ ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು. ಕಣ್ಣನ್ನೂ ಅದೇ ಸುತ್ತಿನಲ್ಲಿ ಮುಗಿಸಿದರು.

ಉದಯಕುಮಾರ್: ಒಪ್ಕೊಂಡೆ ಕಣೇ. ನಿನ್ನ ಎರಡನೇದೇ ನಿಜ ಹೇಳಿದ್ದು. ಅದನ್ನೇ ಕೊಂಡ್ಕೊಳ್ಳೋಣ.

ಸುಮನಾ: ನಲವತ್ತರ ಮೇಲೆ ಮುಟ್ಟಂಗಿಲ್ಲ.

ಉದಯಕುಮಾರ್: ಹೂಂ.

ಸುಮನಾ: ‘ಹೂಂ’ ಬೇಡ. ಬಾಯಿಬಿಟ್ಟು ಹೇಳಿ.

ಉದಯಕುಮಾರ್: ಮುಟ್ಟಲ್ಲ. ಅಮ್ಮ, ಹಂಗಾದ್ರೆ ನಿಮ್ಮ ಫೋಟೊನೂ ಇದರಲ್ಲೇ ಕ್ಲೀನ್ ಮಾಡಿ ಪ್ರಿಂಟಿಗೆ ಕಳಿಸ್ಲಾ?

ಬಸವಲಿಂಗಮ್ಮ: ನೀವ್ ಯಾವ್ದಾದ್ರೂ ಕೊಂಡ್ಕಳ್ರಪ್ಪ. ನಮ್ ಫೋಟಕ್ಕೆ ಮಾತ್ರ ಏನೂ ಮುಟ್ಟುಸ್ಬ್ಯಾಡಿ. ಮೊದ್ಲು ತೆಗ್ದಾಗ ಹೆಂಗಿತ್ತೋ ಹಂಗೇ, ದೊಡ್ದಾಗಿ ಹಾಕ್ಕೊಡಿ. ಗೋಡೇಗ್ ತೂಗ್ಹಾಕ್ಬೇಕು.

ಉದಯಕುಮಾರ್: ಅಮ್ಮ, ಅದು ಮೈಯೆಲ್ಲಾ ಚುಕ್ಕೆ! ಅಕ್ಷತೆ ಯಾವ್ದು, ನಾಯ್ಸ್ ಯಾವ್ದು, ಹದಿನೆಂಟು ವರ್ಷದಿಂದ ಫೋಟೊ ತೆಗೀತಿರೋ ನಂಗೇ ಗೊತ್ತಾಗ್ತಿಲ್ಲ.

ಬಸವಲಿಂಗಮ್ಮ: ನಿಂಗೇ ಗೊತ್ತಾಗ್ನಿಲ್ಲ ಅಂದ್ಮೇಲೆ ನಮ್ ಬೀಗಿತ್ತಿಗೆ ಗೊತ್ತಾಯ್ತದಾ? ಮುಂದೆ ಮಣೆ ಹಾಕ್ಕೊಡ್ತೀನಿ, ಕೂತ್ಕಂಡು ಕಾಳು ಆರುಸ್ಕಳ್ಳಿ ಬುಡು.