ಮೂರನೇ ಕಣಜದ ಬಿಸಿಯನ್ನು ಇಪ್ಪತ್ತನಾಲ್ಕು ಡಿಗ್ರಿ ಎಂದೇ ಭಾವಿಸುವ ಬಗ್ಗೆ

ದಾಸ್ತಾನು ಮತ್ತು ನಿರ್ಮಾಣ ವಿಭಾಗ
ಸಂಖ್ಯೆ: ದಾನಿವಿ/ಕಣಜ-3/ಗೋಡೆ/41(ಅ)

ವಿಷಯ: ಬಿಸಿ ಸಿಮೆಂಟ್ ತುಂಬುವ ಮೂರನೇ ಕಾಂಕ್ರೀಟ್ ಕಣಜದ ಗೋಡೆಯ ಅಶಿಸ್ತಿನ ಕುರಿತು.

ಉಲ್ಲೇಖ: 1) ಕಿರಿಯ ಇಂಜಿನಿಯರರ ಟಿಪ್ಪಣಿ. 2) ಕಣಜದ ಬುಡದ ಕೊಠಡಿಯಲ್ಲಿರುವ ಕಾವಲುಗಾರರ ಮನವಿಗಳು, ಒಟ್ಟು ಹನ್ನೊಂದು.

ಕಣಜದ ವಿನ್ಯಾಸಕ್ಕೆ ಮುನ್ನ ಗಿರಣಿಯಿಂದ ಬಿಸಿ ಸಿಮೆಂಟನ್ನು ಬಟ್ಟಲಲ್ಲಿ ತರಿಸಿ, ಐದು ಮೇಜುಗಳ ಸಹಿ ಪಡೆದು, ಒಂಬತ್ತನೆಯ ದಿನ ಮುಖ್ಯಸ್ಥರ ಹವಾನಿಯಂತ್ರಿತ ಕೊಠಡಿಯಲ್ಲಿ ಅಳೆಯಲಾಗಿ, ಶಾಖ ಇಪ್ಪತ್ತನಾಲ್ಕು ಡಿಗ್ರಿ ಎಂದು ದೃಢಪಟ್ಟಿತ್ತು. ಗೋಡೆಯನ್ನು ಅದಕ್ಕೆ ತಕ್ಕಂತೆಯೇ ಕಟ್ಟಲಾಗಿದೆ. ಆದರೂ ಸಿಮೆಂಟ್ ನೂರು ಡಿಗ್ರಿಯಲ್ಲಿ ಬಂದು ಬೀಳುತ್ತಿರುವುದು ವಿಷಾದನೀಯ. ಆದ್ದರಿಂದ ಸಂಬಂಧಪಟ್ಟವರೆಲ್ಲರಿಗೂ ತಿಳಿಯಪಡಿಸುವುದೇನೆಂದರೆ:

1. ಸಿಮೆಂಟಿನ ಶಾಖವನ್ನು ಇಪ್ಪತ್ತನಾಲ್ಕು ಡಿಗ್ರಿ ಎಂದೇ ನಮೂದಿಸತಕ್ಕದ್ದು. ಇದಕ್ಕೆ ಒಪ್ಪದ ಥರ್ಮಾಮೀಟರುಗಳನ್ನು ಅಮಾನತಿನಲ್ಲಿಡತಕ್ಕದ್ದು.

2. ಒಳಮೈ ಕಾದು ಹಿಗ್ಗುತ್ತದೆ, ತಣ್ಣಗಿರುವ ಹೊರಮೈ ಅಷ್ಟು ಹಿಗ್ಗಲಾರದೆ ಸೀಳುತ್ತದೆ, ಆದಕಾರಣ ಹೊರಮೈಗೆ ಕಬ್ಬಿಣ ಹೆಚ್ಚಿಸಬೇಕು ಎಂದು ಕಿರಿಯ ಇಂಜಿನಿಯರ್ ಬರೆದಿರುತ್ತಾರೆ. ಒಂದೇ ಗೋಡೆಗೆ ಎರಡು ಅಭಿಪ್ರಾಯಗಳಿರಲು ನಿಯಮಗಳಲ್ಲಿ ಅವಕಾಶವಿಲ್ಲ. ಅವರನ್ನು ತಣ್ಣೀರಿನ ತೊಟ್ಟಿಗಳ ವಿಭಾಗಕ್ಕೆ ವರ್ಗಾಯಿಸಲಾಗಿದೆ.

3. ಹೊರಮೈಗೆ ಚಳಿಯೇ ತೊಂದರೆಯಾಗಿದ್ದಲ್ಲಿ, ಸಿಬ್ಬಂದಿ ಮನೆಯಿಂದ ಹಳೆಯ ಕಂಬಳಿ ತಂದು ಹೊದಿಸತಕ್ಕದ್ದು. ಅತ್ತೆಯವರ ಕಂಬಳಿಗೆ ಅತ್ತೆಯವರ ಲಿಖಿತ ಒಪ್ಪಿಗೆ ಕಡ್ಡಾಯ.

4. ಬಿರುಕು ಬೆರಳು ತೂರುವವರೆಗೆ ಗೆರೆ. ಮುಷ್ಟಿ ತೂರಿದರೆ ಗಾಳಿಕಿಂಡಿ. ಭುಜ ತೂರಿದಲ್ಲಿ ಟೆಂಡರ್ ಕರೆದು ಬಾಗಿಲು ಕೂಡಿಸಲಾಗುವುದು.

5. ಕಾವಲುಗಾರರು ಹನ್ನೊಂದನೇ ಮನವಿಯಲ್ಲಿ, "ಗೋಡೆ ನನ್ನ ಕಡೆಗೇ ಉಬ್ಬುತ್ತಾ ಇದೆ ಸಾರ್, ಕೊಠಡೀನ ಒಂದಿಷ್ಟು ಆಚೆ ಸರಿಸಿಕೊಡಿ" ಎಂದು ಕೋರಿರುತ್ತಾರೆ. ಸ್ಥಳ ಪರಿಶೀಲನೆಗೆ ತೆರಳಿದ ಮೂವರು ಅಧಿಕಾರಿಗಳು ನಿಂತ ಕಾಲಲ್ಲೇ ಹಿಂದಿರುಗಿ, ಅಪಾಯ ಎಳ್ಳಷ್ಟೂ ಇಲ್ಲವೆಂದು ದೂರವಾಣಿಯಲ್ಲಿ ವರದಿ ಮಾಡಿರುತ್ತಾರೆ. ಮನವಿಯನ್ನು ತಿರಸ್ಕರಿಸಲಾಗಿದೆ. ಇನ್ನು ಮುಂದೆ ಗೋಡೆಗೆ ಬೆನ್ನು ಕೊಟ್ಟು ಕೂರುವುದು ಕಾವಲುಗಾರರ ಕರ್ತವ್ಯಗಳಲ್ಲೊಂದು.

6. ವಿಭಾಗದ ಕಚೇರಿಯನ್ನು ಕಣಜದಿಂದ ಎರಡು ಕಿಲೋಮೀಟರ್ ದೂರಕ್ಕೆ ಸ್ಥಳಾಂತರಿಸುತ್ತಿರುವುದಕ್ಕೂ ಈ ಸುತ್ತೋಲೆಗೂ ಸಂಬಂಧ ಕಲ್ಪಿಸಿ ಯಾರೂ ಗುಲ್ಲೆಬ್ಬಿಸಕೂಡದು.

ಸಹಿ/-
ಮುಖ್ಯಸ್ಥರ ಪರವಾಗಿ
(ಮುಖ್ಯಸ್ಥರು ಸಾಮಾನು ಕಟ್ಟಿಸುತ್ತಿದ್ದಾರೆ)

ಪ್ರತಿಗಳು:
1. ಗಿರಣಿಯ ಮೇಲ್ವಿಚಾರಕರಿಗೆ, ಸಿಮೆಂಟಿಗೆ ಓದಿ ಹೇಳಲು.
2. ತಣ್ಣೀರಿನ ತೊಟ್ಟಿಗಳ ವಿಭಾಗಕ್ಕೆ, ಕಿರಿಯ ಇಂಜಿನಿಯರರ ಕೈಗೆ ಪೆನ್ನು ಸಿಗದಂತೆ ನೋಡಿಕೊಳ್ಳಲು.
3. ಕಾವಲುಗಾರರಿಗೆ, ಗಾಳಿಕಿಂಡಿಯ ಮೇಲೆ ಅಂಟಿಸಲು.
4. ಕಾವಲುಗಾರರ ಪತ್ನಿಯವರಿಗೆ, ಮುಂಗಡ ಸಂತಾಪ ಸೂಚನೆಯೊಂದಿಗೆ. ದಿನಾಂಕದ ಜಾಗವನ್ನು ಖಾಲಿ ಬಿಡಲಾಗಿದೆ.