ಬೆಣ್ಣೆಬಟ್ಟಲಿನ ಬಳಗ

ಚಾಮರಾಜನ ಹಿತ್ತಲಿಗೆ ಆ ಹಳದಿ ಹೂವು ಕರೆಯದೆ ಬಂದದ್ದು. ಐರ್ಲೆಂಡಿನ ಡಗ್ಲಸ್ ಊರಿನ ಆ ಬಾಡಿಗೆ ಮನೆಗೆ ಕರೆಯದೆ ಬಂದದ್ದು ಅದೊಂದೇ. ಕರೆದರೂ ಬಂದವರು ಯಾರೂ ಇರಲಿಲ್ಲ.

ಕಾಡು ಜಾತಿಯ ಬಟರ್‌ಕಪ್. ಬೆಣ್ಣೆಬಟ್ಟಲೆಂದು ಆತನೇ ನಾಮಕರಣ ಮಾಡಿ, ಬೆಳೆಸುವ ಬಗೆಯನ್ನು ಶ್ರದ್ಧೆಯಿಂದ ಓದಿಕೊಂಡ. ಒದ್ದೆ ಮಣ್ಣಿದ್ದರೆ ಸಾಕು, ಗೊಬ್ಬರ ಬೇಡ. ನೆಲದ ಮೇಲೆ ಹರಿಯುವ ಬಳ್ಳಿಯ ಗೆಣ್ಣುಗೆಣ್ಣೂ ಬೇರೂರಿ ಹೊಸ ಗಿಡವಾಗುತ್ತದೆ. ಐರ್ಲೆಂಡಿನ ಮಳೆ ಸಾಲದೆಂಬಂತೆ, ಹಾಲಿಹಿಲ್‌ನ ಆಫೀಸಿನಿಂದ ಬಂದೊಡನೆ ಈ ಬ್ರಹ್ಮಚಾರಿ ತಾನೂ ನೀರುಣಿಸುತ್ತಿದ್ದ. ಸಮುದ್ರಕ್ಕೆ ಉಪ್ಪು ಹಾಕಿದ ಹಾಗೆ. ಸಂಜೆ ಮಾತನಾಡಿಸಲು ಆತನಿಗೆ ಮತ್ತೇನಿತ್ತು?

ಅಂದು ಶನಿವಾರ ಬೆಳಿಗ್ಗೆ ಕರೆಗಂಟೆ ಮೊಳಗಿತು. ಚಾಮರಾಜ ಗಡಬಡಿಸಿ ತಲೆ ಬಾಚಿಕೊಂಡು ಬಾಗಿಲು ತೆರೆದ. ಪಕ್ಕದ ಮನೆಯ ವಿಧವೆ ಮೊರೀನ್! ಬೇಲಿಯಾಚೆಯಿಂದ 'ಗ್ರ್ಯಾಂಡ್', ಅಂದರೆ ಎಲ್ಲ ಚೆನ್ನ, ಎಂಬ ಒಂದೇ ಮಾತನ್ನು ದಿನಕ್ಕೊಮ್ಮೆ ಎಸೆಯುತ್ತಿದ್ದ ಮುದುಕಿ, ಈಗ ಬೇರುಸಹಿತ ಕಿತ್ತ ಗಿಡವೊಂದನ್ನು ಬಾಲ ಹಿಡಿದ ಇಲಿಯಂತೆ ಎತ್ತಿ ತೋರಿಸಿದಳು.

"ಇದು ನಿಮ್ಮದಾ?"

"ಹೌದು! ನಾನೇ ಬೆಳೆಸಿದ್ದು!" ಎಂದ ಹೆಮ್ಮೆಯಿಂದ.

"ಬೆಳೆಸಿದ್ದಾ? ದೇವರೇ! ಇದನ್ನ ಕಿತ್ತು ಕಿತ್ತೇ ನಮ್ಮ ಯಜಮಾನ್ರ ಬೆನ್ನು ಬಾಗೋಯ್ತು. ಈಗ ನನ್ನ ಹುಲ್ಲೆಲ್ಲಾ ನುಂಗ್ತಾ ಐತೆ!"

ಗದ್ದಲಕ್ಕೆ ಎದುರುಮನೆಯ ಬೀಬಿ ಜಾನ್ ಬಂದರು; ಬೆಂಗಳೂರಿನವರು. ಹಿಂದೆಯೇ ವ್ಯಾನಿನೊಡನೆ ಅವರ ಮಗ ಅತೀಫ್. ಊರಿನ ತೋಟಗಳ ಕೆಲಸ ಹಿಡಿಯುವವನು.

"ಏನಪ್ಪಾ ಚಾಮರಾಜ, ಹೂವಿಗೆ ಪಾಳೇಗಾರಿಕೆ ಕೊಟ್ಬಿಟ್ಟಿದ್ದೀಯಾ? ನಮ್ಮ ಗೇಟ್ ತನಕ ಬಂದೈತೆ!" ಎಂದರು ಬೀಬಿ ಜಾನ್.

ಚಾಮರಾಜನ ಮುಖ ನಾಚಿಕೆಯಿಂದ ಕೆಂಪಾಯಿತು. ಒಳಗೆ ಮಾತ್ರ ಹಬ್ಬ. ನಾಲ್ಕು ಚಾಪೆಯಗಲದ ಹಿತ್ತಲಲ್ಲಿ ಎಲ್ಲರೂ ಕುಕ್ಕರಗಾಲಲ್ಲಿ ಕುಳಿತು ಬೇರು ಅಗೆದರು, ಬೈದರು, ನಕ್ಕರು. ಆತನ ಕಾಫಿ ಕುಡಿದು ಮೆತ್ತಗಾದ ಮೊರೀನ್, ಅಲ್ಲಿನ ಮಕ್ಕಳಾಟದಂತೆ ಒಂದು ಹೂವನ್ನು ಆತನ ಗಲ್ಲದಡಿ ಹಿಡಿದು, "ನೋಡಿ, ಗಲ್ಲ ಹಳದಿಯಾಯ್ತು. ನಿಮಗೆ ಬೆಣ್ಣೆ ಅಂದ್ರೆ ಇಷ್ಟ!" ಎಂದಳು. ಆತನ ಮುಖದ ಹತ್ತಿರ ಇನ್ನೊಬ್ಬರ ಕೈ ಸುಳಿದು ಎಷ್ಟು ಕಾಲವಾಗಿತ್ತೋ! ಕಣ್ಣು ತೇವವಾಗಲು, ಈರುಳ್ಳಿ ಹೆಚ್ಚುವ ನೆಪದಲ್ಲಿ ಒಳಗೋಡಿದ.

ಮರಳಿ ಬಂದಾಗ ಹಿತ್ತಲು ಬಹುಪಾಲು ಬರಿದಾಗಿತ್ತು. ಕಳೆ ಮುಗಿದರೆ ಬಳಗವೂ ಮುಗಿಯಿತು! ಓದಿದ ವಿದ್ಯೆ ಆಗ ನೆನಪಾಯಿತು. ಕಿತ್ತ ಕಳೆಯ ಬುಟ್ಟಿಯಿಂದ ಗೆಣ್ಣುಗಳನ್ನು ಮೆಲ್ಲನೆ ಮಣ್ಣಿಗೆ ಜಾರಿಸಿ ಹಿಮ್ಮಡಿಯಿಂದ ಅದುಮತೊಡಗಿದ.

"ಅಯ್ಯೋ, ಬೇರು ಬೀಳ್ತಾ ಐತೆ ನೋಡಿ," ಎಂದಳು ಮೊರೀನ್. ತುಸು ಹೊತ್ತಿನಲ್ಲೇ ಮತ್ತೆ, "ಅಲ್ಲೂ ಬಿತ್ತು!"

"ಕೈ ನಡುಗ್ತದೆ," ಎಂದು ಚಾಮರಾಜ ಹಲ್ಲುಕಿರಿದ.

ಮೊರೀನ್ ಬೀಬಿ ಜಾನರ ಮುಖ ನೋಡಿದಳು. ಬೀಬಿ ಜಾನ್ ಮಗನ ಮುಖ ನೋಡಿದರು.

"ಕೂತಿರಿ, ಊಟ ಮಾಡ್ಕೊಂಡೇ ಹೋಗ್ಬೇಕು!" ಎಂದು ಚಾಮರಾಜ ಒಳಹೊಕ್ಕ. ಮದುವೆಮನೆಗೆ ಸಾಲುವಷ್ಟು ಬಿಸಿಬೇಳೆಬಾತ್ ಮಾಡಿದ. ಒಗ್ಗರಣೆ ಚಟಪಟಿಸುತ್ತಿರಲು ಲೆಕ್ಕ ಹಾಕಿದ: ಬರುವ ತಿಂಗಳು ಗೆಣ್ಣು ಚಿಗುರುತ್ತದೆ, ಬೇಲಿ ದಾಟುತ್ತದೆ, ಮತ್ತೆ ಗಂಟೆ ಮೊಳಗುತ್ತದೆ.

ಪಾತ್ರೆ ಹೊತ್ತು ಹೊರಬಂದವನು ಹೊಸ್ತಿಲಲ್ಲೇ ನಿಂತ. ಹಿತ್ತಲು ಗೋಡೆಯಿಂದ ಗೋಡೆಗೆ ಹಚ್ಚಹಸಿರಾಗಿತ್ತು.

"ಪ್ಲಾಸ್ಟಿಕ್ ಹುಲ್ಲು, ಅಂಕಲ್!" ಅತೀಫ್ ಕೈ ಒರೆಸಿಕೊಂಡ. "ಕೆಳಗೆ ದಪ್ಪ ಹಾಳೆ ಹಾಕಿ ಮೊಳೆ ಹೊಡೆದಿದ್ದೀನಿ. ವ್ಯಾನಲ್ಲಿ ಮಿಕ್ಕಿತ್ತು. ಇನ್ನು ಒಂದು ಎಲೆನೂ ಏಳಲ್ಲ."

"ಕೈ ನಡುಗ್ತದೆ ಅಂದ್ಯಲ್ಲಪ್ಪಾ," ಎಂದರು ಬೀಬಿ ಜಾನ್ ಕಕ್ಕುಲಾತಿಯಿಂದ. "ಇನ್ನು ನೀನೂ ಬಗ್ಗೋದು ಬೇಡ, ನಾವೂ ಬರೋದು ಬೇಡ. ಊಟ ಇನ್ನೊಂದಿನ ಆಗ್ಲಿ."

ಎಲ್ಲರೂ ಹೋದರು. ಚಾಮರಾಜ ಆ ಹಸಿರಿನ ನಡುವೆ ಕುರ್ಚಿ ಹಾಕಿ, ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತ. ಮಳೆ ಹನಿಯಿತು, ಪ್ಲಾಸ್ಟಿಕ್ಕಿನ ಮೇಲೆ ಉರುಳಿ ಚರಂಡಿಗೆ ಹೋಯಿತು.

ಬೇಲಿಯಾಚೆ ಮೊರೀನಳ ಟೋಪಿ ಕಾಣಿಸಿತು.

"ಗ್ರ್ಯಾಂಡ್?" ಎಂದಳು.

"ಗ್ರ್ಯಾಂಡ್," ಎಂದ ಚಾಮರಾಜ.

ಟೋಪಿ ಮರೆಯಾಯಿತು.