ಅತ್ತಿಗೆಯ ಕಿಟಕಿಯನ್ನು ನುಂಗಿದ ದೀಪಸ್ತಂಭಕ್ಕೆ

ಜೆಟ್ಟಿಯ ತುದಿಯಲ್ಲಿ ಒಂಟಿಕಾಲಿನ ಮೇಲೆ ನಿಂತು, ನಮ್ಮ ದ್ವೀಪದ ಯಾವ ಮನೆಯ ಮಾಡಿಗೂ ಎಟುಕದ ಎತ್ತರದಿಂದ ನಮ್ಮೆಲ್ಲರನ್ನೂ ನೋಡಿಕೊಳ್ಳುತ್ತಿರುವ ಮಾನ್ಯ ದೀಪಸ್ತಂಭದವರೇ,

ಮೊದಲಿಗೆ ತಮ್ಮ ಪಾದಗಳಿಗೆ, ಅಂದರೆ ತಮ್ಮನ್ನು ಕಾಂಕ್ರೀಟಿಗೆ ಕಚ್ಚಿ ಹಿಡಿದಿರುವ ಬೋಲ್ಟುಗಳಿಗೆ, ನನ್ನ ನಮಸ್ಕಾರಗಳು. ಕಳೆದ ಅಮಾವಾಸ್ಯೆಯ ಸಂಜೆ, ತಾವು ಅಧಿಕಾರ ವಹಿಸಿಕೊಂಡು ಇನ್ನೂ ವಾರ ತುಂಬಿರಲಿಲ್ಲ, ತಮ್ಮ ಬೆಳಕನ್ನು ನಂಬಿ ಬಂದ ದೋಣಿಯೊಂದು ಬಂಡೆಯ ಮೇಲೆ ಹತ್ತಿ ಕೂತಿತು. ಆ ತಪ್ಪನ್ನು ಬಂದರು ಇಲಾಖೆಯವರು ನನ್ನ ಅತ್ತಿಗೆಯ ಅಡುಗೆಮನೆಯ ಕಿಟಕಿಗೆ ಕಟ್ಟಿ ಕೈತೊಳೆದುಕೊಂಡರು. ಇಲಾಖೆಗೆ ಬರೆದೆ, ಉತ್ತರವಿಲ್ಲ. ಈ ದ್ವೀಪದಲ್ಲಿ ಇಲಾಖೆಗೆ ಸೇರಿದವರು ಎಂದರೆ ತಾವೊಬ್ಬರೇ, ಅದೂ ನಿಂತ ಜಾಗ ಬಿಟ್ಟು ಕದಲದಷ್ಟು ನಿಷ್ಠಾವಂತರು; ಆದ್ದರಿಂದ ತಮಗೇ ಬರೆದು, ಒಂದು ಪ್ರತಿಯನ್ನು ನಮ್ಮ ಓದುವ ಕೋಣೆಯ ಬಾಗಿಲಿಗೆ ಅಂಟಿಸಿದ್ದೇನೆ. ಓದಲು ತಮಗೆ ಬೆಳಕಿನ ಕೊರತೆ ಇರಲಾರದು.

ತಮ್ಮ ಉಪಕಾರವನ್ನು ಮರೆಯುವಷ್ಟು ಕೃತಘ್ನ ನಾನಲ್ಲ. ತಾವು ಬಂದ ಮೇಲೆ ನಮ್ಮ ಕೋಳಿಗಳು ಮಲಗುವ ಕೆಟ್ಟ ಚಾಳಿಯನ್ನು ಬಿಟ್ಟಿವೆ. ಕೂಗುವ ಹೊತ್ತು ಯಾವುದೆಂದು ತಿಳಿಯದ ಹುಂಜ ಸದಾ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದೆ. ಯಾರ ಬುಟ್ಟಿಯಲ್ಲಿ ಯಾವ ಮೀನು ಹೋಯಿತೆಂಬುದು ಈಗ ಕತ್ತಲಾದ ಮೇಲೂ ಗುಟ್ಟಾಗಿ ಉಳಿಯುವುದಿಲ್ಲವಾಗಿ, ಮಾತು ಬಿಟ್ಟ ಅಕ್ಕಪಕ್ಕದವರೆಲ್ಲ ಮತ್ತೆ ಮಾತಾಡತೊಡಗಿದ್ದಾರೆ, ಜಗಳದ ಮೂಲಕವಾದರೂ. ಮೊನ್ನೆಯಷ್ಟೇ ಮದುವೆಯಾದ ಐಸ್ ಒಡೆಯುವವನು ತನ್ನ ಕೋಣೆಯ ಕಿಟಕಿಗೆ ಹಾಯಿಬಟ್ಟೆಯನ್ನೇ ಮೊಳೆ ಹೊಡೆದು ಬಿಗಿದಿದ್ದಾನೆ. ಬಲೆ ಹೆಣೆಯುವ ದೊಡ್ಡಮ್ಮ ಅದನ್ನು ನೋಡಿ, "ಏನೋ ಮಗಾ, ಒಳಗೆ ಗಾಳಿ ಜೋರಾ?" ಎಂದು ಜೆಟ್ಟಿಗೆಲ್ಲ ಕೇಳುವಂತೆ ವಿಚಾರಿಸಿದ್ದಾರೆ. ಇಂಥ ಸಂತೋಷಗಳು ತಮ್ಮಿಂದಲೇ ಸಾಧ್ಯವಾದವು.

ಆದರೆ ತಾವು ಊರಿಗೆ ಹೊಸಬರು. ಇಲ್ಲಿನ ಹಳೆಯ ಏರ್ಪಾಡನ್ನು ತಮಗೆ ಯಾರೂ ಹೇಳಿದಂತಿಲ್ಲ.

ನಮ್ಮ ಜೆಟ್ಟಿಗೆ ಬರುವ ನೀರಿನ ದಾರಿ ತೀರ ಇಕ್ಕಟ್ಟು. ಅದರ ಎಡಕ್ಕೊಂದು ಬಂಡೆಯಿದೆ. ಕರೆಯದೆ ಬಂದು ಹೊಟ್ಟೆ ಮುಂದೆ ಮಾಡಿ ಕೂತು, ಏಳುವ ಮಾತನ್ನೇ ಆಡದ ಕಾರಣ ನಮ್ಮ ಹಿರಿಯರು ಅದಕ್ಕೆ ಅಳಿಯ ಎಂದು ಹೆಸರಿಟ್ಟರು. ನೀರು ಏರಿದಾಗ ಅಳಿಯ ಕಾಣಿಸುವುದಿಲ್ಲ, ಆದರೆ ಇರುತ್ತಾನೆ. ಕತ್ತಲಲ್ಲಿ ಬರುವ ದೋಣಿಗಳು ಅವನಿಂದ ತಪ್ಪಿಸಿಕೊಳ್ಳಲು ನಂಬಿದ್ದು ಎರಡು ದೀಪಗಳನ್ನು. ಒಂದು, ದಡದಲ್ಲಿರುವ ಐಸ್ ಮನೆಯ ಬಾಗಿಲ ದೀಪ. ಇನ್ನೊಂದು, ಅದರ ಹಿಂದಿನ ದಿಬ್ಬದ ಮೇಲೆ ನನ್ನ ಅತ್ತಿಗೆಯ ಅಡುಗೆಮನೆಯ ಕಿಟಕಿಯಲ್ಲಿ ಉರಿಯುವ ಹಳದಿ ಬಲ್ಬು. ಮೇಲಿನ ದೀಪ ಕೆಳಗಿನ ದೀಪದ ನೆತ್ತಿಗೆ ನೇರವಾಗಿ ಬಂತೆಂದರೆ ದೋಣಿ ಸರಿದಾರಿಯಲ್ಲಿದೆ ಎಂದರ್ಥ. "ಅತ್ತಿಗೆ ಐಸಿನ ತಲೆ ಮೇಲೆ ಕೂತ್ರು, ನುಗ್ಗಿಸು!" ಎಂದು ಚುಕ್ಕಾಣಿ ಹಿಡಿದವರು ಕೂಗುತ್ತಾರೆ. ಸಂಬಂಧದಲ್ಲಿ ನನಗೆ ಮಾತ್ರ ಅವರು ಅತ್ತಿಗೆ. ಉಳಿದವರು ನನ್ನಿಂದ ಕೇಳಿ ಕೇಳಿ ಹಾಗೆ ಕರೆಯತೊಡಗಿ, ಈಗ ಅವರಿಗಿಂತ ದೊಡ್ಡವರಿಗೂ ಅವರು ಅತ್ತಿಗೆಯೇ.

ಈ ಏರ್ಪಾಡನ್ನು ಯಾವ ಇಂಜಿನಿಯರೂ ಮಾಡಲಿಲ್ಲ. ನನ್ನ ಅಣ್ಣ ಬರುವುದು ತಡವಾದಾಗ ಅತ್ತಿಗೆ ಬೈಯಲು ಸಿದ್ಧರಾಗಿ ಕಿಟಕಿಯಲ್ಲಿ ದೀಪವಿಟ್ಟು ಕಾಯುತ್ತಿದ್ದರು. ಅಣ್ಣ ಆ ಬೈಗುಳದ ನೇರಕ್ಕೆ ದೋಣಿ ತಿರುಗಿಸಿ ಬರುತ್ತಿದ್ದ. ಉಳಿದವರು ಅವನ ಹಿಂದೆ ಬಂದರು. ಆ ದಾರಿಯ ಪುಣ್ಯದಿಂದ ಅಣ್ಣ ಮುದುಕನಾಗಿ, ಹಾಸಿಗೆಯ ಮೇಲೆ, ಒಣ ಬಟ್ಟೆಯಲ್ಲಿ ಸತ್ತ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಪದವಿ ಇಲ್ಲ. ಅತ್ತಿಗೆ ಮಾತ್ರ ದೀಪ ಆರಿಸಲಿಲ್ಲ. ಯಾರಾದರೂ ಎದುರು ಮಾತಾಡಿದರೆ, "ಆಯ್ತಪ್ಪ, ಇವತ್ತು ದೀಪ ಹಾಕಲ್ಲ, ಈಜ್ಕೊಂಡು ಬಾ" ಎನ್ನುತ್ತಿದ್ದರು. ಎಂಥ ಗಂಡಸೂ ತಕ್ಷಣ ಮೆತ್ತಗಾಗಿ, ಅವರ ಹಿತ್ತಿಲಿಗೆ ನಾಲ್ಕು ಕೊಡ ನೀರು ಹೊತ್ತು ಹಾಕುತ್ತಿದ್ದ. ಒಂದು ಸಂಜೆಯೂ ಅವರು ದೀಪ ತಪ್ಪಿಸಿದ್ದಿಲ್ಲ ಎಂಬುದು ನನ್ನ ನೆನಪು, ಮತ್ತು ನನ್ನ ನೆನಪಿಗೆ ಈ ಊರಿನಲ್ಲಿ ಶತ್ರುಗಳು ಬಹಳ.

ಅಮಾವಾಸ್ಯೆಯ ಆ ಸಂಜೆ ಕಡಲಿನಿಂದ ಬಂದದ್ದು ನಮ್ಮೂರಿನ ಕುಳ್ಳಣ್ಣನ ದೋಣಿ. ಅವನು ಕಡಲಿಗೆ ಹೋದಾಗ ತಾವಿನ್ನೂ ಜೆಟ್ಟಿಯಲ್ಲಿ ಅಡ್ಡಡ್ಡ ಮಲಗಿದ್ದ ಕಬ್ಬಿಣ. ಬರುವಾಗ ಗದ್ದುಗೆ ಏರಿದ್ದಿರಿ. ತಮ್ಮ ಬಿಳಿ ಬೆಳಕಿನಲ್ಲಿ ಅತ್ತಿಗೆಯ ಹಳದಿ ಬಲ್ಬು ಹಾಲಿನಲ್ಲಿ ಬಿದ್ದ ಸಕ್ಕರೆಯಂತೆ ಕರಗಿಹೋಗಿತ್ತು. ಎತ್ತರದಲ್ಲಿ ಒಂದೇ ದೀಪ ಕಂಡ ಕುಳ್ಳಣ್ಣ, "ಅತ್ತಿಗೆ ದೊಡ್ಡ ಬಲ್ಬು ತಗೊಂಡ್ರು ಕಣ್ರೋ! ನಮ್ಮ ಮೇಲೆ ಎಷ್ಟು ಪ್ರೀತಿ ನೋಡ್ರೋ!" ಎಂದು ಕಣ್ಣಲ್ಲಿ ನೀರು ತಂದುಕೊಂಡು, ತಮ್ಮನ್ನು ಐಸ್ ಮನೆಯ ದೀಪದ ನೆತ್ತಿಗೆ ತಂದು ನುಗ್ಗಿಸಿದ. ಆದರೆ ತಾವು ನಿಂತದ್ದು ಅತ್ತಿಗೆಯ ನೇರದಲ್ಲಲ್ಲ; ಅಳಿಯ ಬರಮಾಡಿಕೊಂಡ. ದೋಣಿಯ ತಳ ಸೀಳಿತು, ಕುಳ್ಳಣ್ಣನ ತೋಳು ಮುರಿಯಿತು, ಹಿಡಿದ ಮೀನು ಬಂದ ದಾರಿ ಹಿಡಿದು ಹೋಯಿತು. ಅವನ ಹೆಂಡತಿ ಜೆಟ್ಟಿಯಲ್ಲಿ ನಿಂತು, "ಇಷ್ಟ್ ವರ್ಷ ಬೆಳಕಿಲ್ದೆ ಸರಿಯಾಗಿ ಬರ್ತಿದ್ದೆ, ಬೆಳಕು ಬಂದ ಕೂಡ್ಲೆ ಕುರುಡಾದ್ಯಾ?" ಎಂದು ಅತ್ತಳು. ಅದಕ್ಕಿಂತ ಚೆನ್ನಾಗಿ ನಾನು ಬರೆಯಲಾರೆ.

ತನಿಖೆಗೆಂದು ಮಧ್ಯಾಹ್ನದ ಲಾಂಚಿನಲ್ಲಿ ಬಂದ ಇಂಜಿನಿಯರು ಸಾಹೇಬರು, ಉರಿಯದೆ ನಿಂತಿದ್ದ ತಮ್ಮನ್ನು ಮೂರು ಸುತ್ತು ಸುತ್ತಿ ನೋಡಿ, ತಮ್ಮಲ್ಲಿ ಯಾವ ದೋಷವೂ ಇಲ್ಲವೆಂದು ಬರೆದುಕೊಂಡರು. ಸಮುದ್ರದ ಕಡೆಗೆ ಒಂದು ತಗಡಿನ ಮರೆ ಕಟ್ಟಿಸಿ, ಜೆಟ್ಟಿಗೆ ಬೆಳಕೂ ಸಿಗುತ್ತದೆ, ದೋಣಿಗೆ ಅತ್ತಿಗೆಯೂ ಕಾಣುತ್ತಾರೆ ಎಂದು ನಾವು ಕೇಳಿಕೊಂಡೆವು. ಮಂಜೂರಾದ ನಕ್ಷೆಯಲ್ಲಿ ಮರೆ ಇಲ್ಲ ಎಂದರು. ಬದಲಿಗೆ, ಅಡುಗೆಮನೆಯ ಅನಧಿಕೃತ ದೀಪದಿಂದ ನಾವಿಕರಿಗೆ ಗೊಂದಲವಾಗುತ್ತಿರುವುದರಿಂದ ಆ ಕಿಟಕಿಯನ್ನು ಈ ತಿಂಗಳ ಕೊನೆಯೊಳಗೆ ಹಲಗೆ ಹೊಡೆದು ಮುಚ್ಚಬೇಕೆಂದು ಆಜ್ಞೆಯಾಯಿತು. ಅತ್ತಿಗೆ, "ಹೊಗೆ ಎಲ್ಲಿಂದ ಹೋಗ್ಬೇಕು ಸಾಹೇಬ್ರೇ, ನಿಮ್ಮ ಮೂಗಿಂದಾನಾ?" ಎಂದರು. ಅದು ಆಕ್ಷೇಪಣೆಯಾಗಿ ದಾಖಲಾಗಿಲ್ಲ.

ಕಿಟಕಿ ಮುಚ್ಚಿದರೆ, ಸಂಜೆ ತಡವಾದ ಪ್ರತಿ ದೋಣಿಯೂ ಬೆಳಗಾಗುವವರೆಗೆ ಹೊರಗಿನ ಅಲೆಯಲ್ಲಿ ಕುಲುಕುತ್ತ ಕಾಯಬೇಕು, ಇಲ್ಲವೇ ಅಳಿಯನ ಮನೆಗೆ ಹೋಗಬೇಕು. ಈಗಲೇ ಇಬ್ಬರು ಹಾಗೆ ಕಾದು, ಜ್ವರ ಹಿಡಿಸಿಕೊಂಡು ಬಂದಿದ್ದಾರೆ. ಅತ್ತಿಗೆಯ ಹಿತ್ತಿಲಿಗೆ ನೀರು ಹೊರುವವರು ಇಲ್ಲ. ಅವರನ್ನು ಯಾರೂ ಎದುರು ಮಾತಾಡಿ ರೇಗಿಸುತ್ತಲೂ ಇಲ್ಲ. ಇದು ಅವರಿಗೆ ಎಲ್ಲಕ್ಕಿಂತ ನೋವಿನ ಸಂಗತಿ.

ಆದ್ದರಿಂದ ತಮ್ಮಲ್ಲಿ ಸವಿನಯ ಬಿನ್ನಹ. ತಾವು ದಯವಿಟ್ಟು ಹಿಂದಕ್ಕೆ ನಡೆದು, ದಿಬ್ಬ ಹತ್ತಿ, ಅತ್ತಿಗೆಯ ಒಲೆಯ ಪಕ್ಕ ಬಗ್ಗಿ ನಿಲ್ಲಬೇಕು; ಅವರು ತಮಗೊಂದು ಮಣೆ ಕೊಡುತ್ತಾರೆ. ಅದಾಗದಿದ್ದರೆ ಅಳಿಯನನ್ನು ಇನ್ನಷ್ಟು ಎಡಕ್ಕೆ ಸರಿದು ಕೂರುವಂತೆ ಒಪ್ಪಿಸಬೇಕು. ಇಬ್ಬರೂ ಕದಲದ ಸ್ವಭಾವದವರಾದ್ದರಿಂದ ಮಾತುಕತೆ ಸುಲಭವಾದೀತು. ಅದೂ ಆಗದಿದ್ದರೆ ಕೊನೆಯ ದೋಣಿ ಬರುವ ತನಕ ಸಮುದ್ರದ ಕಡೆಯ ಕಣ್ಣನ್ನಾದರೂ ಮುಚ್ಚಿಕೊಳ್ಳಬೇಕು. ರೆಪ್ಪೆ ಇಲ್ಲವೆಂಬ ಸಂಕೋಚ ಬೇಡ: ತಗಡು, ಏಣಿ, ಮೊಳೆ ಎಲ್ಲ ನಮ್ಮಲ್ಲಿವೆ. ಇಲ್ಲದಿರುವುದು ಇಲಾಖೆಯ ಒಂದು ಸಹಿ.

ಬರುವ ಭಾನುವಾರ ಸಂಜೆ ನಾವೆಲ್ಲ ತಮ್ಮ ಕೆಳಗೆ ನೆರೆಯುತ್ತೇವೆ. ಒಪ್ಪಿಗೆಯಾದರೆ ತಾವು ಒಮ್ಮೆ ಆರಿ ಹೊತ್ತಿಕೊಳ್ಳಿ. ಒಪ್ಪಿಗೆ ಇಲ್ಲದಿದ್ದರೆ, ತಮ್ಮನ್ನು ನೆಟ್ಟವರನ್ನು ಕಳಿಸಿ ಕಾರಣವನ್ನು ಕುಳ್ಳಣ್ಣನ ಎದುರು, ಎಲ್ಲರಿಗೂ ಕೇಳುವಂತೆ ಹೇಳಿಸಿ. ಉತ್ತರ ಬಹಿರಂಗವಾಗಿಯೇ ಬೇಕು. ತಮ್ಮಂಥ ಬೆಳಕಿನಲ್ಲಿ ಗುಟ್ಟು ಶೋಭಿಸುವುದಿಲ್ಲ.

ಇತಿ, ತಮ್ಮ ದಯೆಯಿಂದ ಕೋಳಿಗಳೊಂದಿಗೆ ನಿದ್ದೆಗೆಟ್ಟಿರುವ,
ತಮ್ಮ ವಿಶ್ವಾಸಿ,
ಓದುವ ಕೋಣೆಯ ಮುದುಕ

ತಾ.ಕ.: ಕಿಟಕಿ ಮುಚ್ಚಿದ್ದನ್ನು ಪರಿಶೀಲಿಸಲು ಇಂಜಿನಿಯರು ಸಾಹೇಬರು ತಿಂಗಳ ಕೊನೆಯಲ್ಲಿ ಬರುತ್ತಾರಂತೆ, ಅದೂ ಈ ಸಲ ಸಂಜೆಯ ಲಾಂಚಿನಲ್ಲಿ. ಲಾಂಚಿನವನು ಹೊಸಬ, ಕತ್ತಲಲ್ಲಿ ಯಾವ ದೀಪ ನೋಡಿಕೊಂಡು ಬರಲಿ ಎಂದು ಕೇಳಿಕಳಿಸಿದ್ದಾನೆ. ಸಾಹೇಬರನ್ನೇ ಕೇಳು ಎಂದಿದ್ದೇವೆ. ಅಳಿಯನಿಗೂ ವಿಷಯ ತಿಳಿಸಲಾಗಿದೆ.